ಅಂಕೋಲೆಯ ಸೂಜಿ ಡಾಕ್ಟರೂ ಡ್ರಿಲ್ ಅಕ್ಕೋರೂ

ದವಾಖಾನೆಯೆಂದರೆ ನರಳಾಟದ ಜಾಗ ಅಂದುಕೊಂಡವರು ನಮ್ಮ ಕಡೆಯ ದವಾಖಾನೆಯಲ್ಲಿ ಒಂದು ದಿನ ಕೂತು ನೋಡಬೇಕು. ನಾನು ನಗು ತಡೆಯಲಾರದೆ ಒಳಕೋಣೆಗೆ ಓಡಿದಷ್ಟು ಸಲ ಅಲ್ಲಿ ಯಾವ ರೋಗಿಯೂ ನೋವಿಗೆ ಕಿರುಚಿಲ್ಲ.

ತೊಂಬತ್ತರ ದಶಕದ ಮಾತು. ನಾನು ಕಾರವಾರದವಳು. ಮುರಿದು ಕೂಡಿದ ಕೈಕಾಲಿಗೆ, ಹಿಡಿದುಕೊಂಡ ಭುಜಕ್ಕೆ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಪ್ರತಿ ಶನಿವಾರ ಬಸ್ಸು ಹತ್ತಿ ಅಂಕೋಲೆಯ ಒಬ್ಬ ಡಾಕ್ಟರ ದವಾಖಾನೆಗೆ ಹೋಗುತ್ತಿದ್ದೆ. ‘ಕೈ ಎತ್ತಿ, ಕಾಲು ಚಾಚಿ’ ಎಂಬ ನನ್ನ ಗಂಟಲು ಕೇಳಿ ಜನ ನನಗೆ, ಶಾಲೆಯ ಟೀಚರನ್ನು ಕರೆಯುವ ಹಾಗೆ, ಡ್ರಿಲ್ ಅಕ್ಕೋರು ಎಂದು ಹೆಸರಿಟ್ಟಿದ್ದರು.

ಡಾಕ್ಟರು ಎಲ್ಲೋ ಶಿಬಿರಕ್ಕೆ ಹೋಗಿ ಚೀನಾದವರ ಸೂಜಿ ಚಿಕಿತ್ಸೆ ಕಲಿತು ಬಂದಿದ್ದರು. ಬೆಂಗಳೂರಲ್ಲಿ ದೊಡ್ಡ ಡಾಕ್ಟರಾಗಿದ್ದ ಹಳೆಯ ಸಹಪಾಠಿಯೊಬ್ಬ, “ಸೂಜಿ ಹೇಗೂ ಇದೆ, ನನಗೊಂದು ಅಂಗಿ ಹೊಲಿ” ಎಂದು ನಕ್ಕನಂತೆ. ಅದು ಇವರ ಹೊಟ್ಟೆಯಲ್ಲಿ ಕರಗಲೇ ಇಲ್ಲ. ಸೂಜಿ ಮೇಲೋ ವ್ಯಾಯಾಮ ಮೇಲೋ ಎಂದು ಸಂಶೋಧನೆ ಮಾಡಿ, ಆ ಮನುಷ್ಯ ಕೂತಿರುವ ಸಮ್ಮೇಳನದಲ್ಲೇ ಪ್ರಬಂಧ ಓದುವುದೆಂದು ಹಟ ಹಿಡಿದರು. ಆ ದಿನಕ್ಕೆಂದು ಕೋಟು ಹೊಲಿಸಿ ಮೊಳೆಗೆ ತೂಗುಹಾಕಿದರು. ಇಡೀ ಸಂಶೋಧನೆಯಲ್ಲಿ ಮೊದಲು ಮುಗಿದದ್ದು ಆ ಕೋಟು.

ಬೋಣಿ

ಸಂಶೋಧನೆಗೆ ನೋವನ್ನು ಅಳೆಯಬೇಕಲ್ಲ. ನೋವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಿದ್ದರೆ ಹತ್ತು ಎಂದು ಡಾಕ್ಟರು ಗೊತ್ತು ಮಾಡಿದರು. ಮೊದಲು ಬಂದವಳು ಮೀನು ಮಾರುವ ಹೆಂಗಸು. ಬುಟ್ಟಿ ಹೊತ್ತು ಹೊತ್ತು ಕುತ್ತಿಗೆ ಹಿಡಿದಿತ್ತು.

“ನೋವು ಎಷ್ಟು?”

“ಹನ್ನೆರಡು.”

“ಹತ್ತರ ಮೇಲೆ ಇಲ್ಲ.”

“ಹಂಗಾರೆ ಹತ್ತು ಬರ್ಕಳಿ.”

ಸೂಜಿ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದರು. ಅವಳು ಎರಡೂ ಕಡೆ ಸಲೀಸಾಗಿ ಕುತ್ತಿಗೆ ಹೊರಳಿಸಿದಳು.

“ಈಗ ಎಷ್ಟು?”

“ಒಂಬತ್ತು.”

“ಇಷ್ಟು ಚಂದ ತಿರುಗಿಸ್ತಿದ್ದೀಯಲ್ಲೇ! ನಾಲ್ಕು ಅನ್ನು.”

“ನಾಲ್ಕಾ!” ಅವಳು ಸೊಂಟಕ್ಕೆ ಕೈಯಿಟ್ಟಳು. “ನಾಲ್ಕಕ್ಕೆ ಇಡೀ ಅಂಕೋಲೆ ಪೇಟೆ ತಿರುಗಿರೂ ಸಿಗೂದಿಲ್ಲ ಡಾಕ್ಟ್ರೇ. ಎಂಟು ಮಾಡ್ಕಳಿ.”

“ಐದು.”

“ನಿಮಗೂ ಬೇಡ, ನಂಗೂ ಬೇಡ. ಬೆಳಗಿನ ಬೋಣಿ ನಿಮ್ದು, ಏಳಕ್ಕೆ ಬಿಟ್ಟೆ.”

ಡಾಕ್ಟರು ಏಳು ಎಂದು ಬರೆದುಕೊಂಡರು. ಅವಳು ಬಾಗಿಲವರೆಗೆ ಹೋದವಳು ತಿರುಗಿ, ಸಣ್ಣ ದನಿಯಲ್ಲಿ ಅಂದಳು: “ಏಳಕ್ಕೆ ಕೊಟ್ಟೆ ಅಂತ ಬೇರೆಯವ್ರ ಹತ್ರ ಹೇಳಬೇಡಿ ಹಾಂ.”

ಹುಂಜದ ತಾಲೀಮು

ಹಟ್ಟಿಕೇರಿಯ ಒಬ್ಬ ತೆಂಗಿನ ಮರದಿಂದ ಬಿದ್ದು ಮೊಣಕಾಲು ಕೆಡಿಸಿಕೊಂಡಿದ್ದ. ಪ್ಲಾಸ್ಟರು ಬಿಚ್ಚಿದ ಮೇಲೆ ಕಾಲಿಗೆ ಬಲ ಬರಬೇಕಲ್ಲ. “ಎರಡು ಕಿಲೋದಷ್ಟು ಏನಾದರೂ ಪಾದಕ್ಕೆ ಕಟ್ಟಿಕೊಂಡು, ಕುರ್ಚಿಯಲ್ಲಿ ಕೂತು ಕಾಲು ಎತ್ತಿ ಇಳಿಸು” ಎಂದು ಹೇಳಿ ಕಳಿಸಿದೆ.

ಮುಂದಿನ ಶನಿವಾರ ಬಂದ. ಮೊಣಕಾಲು ಚೆನ್ನಾಗಿಯೇ ಮಡಚುತ್ತಿತ್ತು, ಆದರೆ ಪಾದದ ತುಂಬ ಗಾಯ. ವ್ಯಾಯಾಮದಿಂದ ಹೀಗೂ ಆಗುತ್ತದೆಯೇ ಎಂದು ಡಾಕ್ಟರು ಕಣ್ಣರಳಿಸಿದರು. “ಏನು ಕಟ್ಟಿಕೊಂಡೆಯೋ?” ಎಂದು ನಾನು ಕೇಳಿದೆ.

“ಹುಂಜ,” ಅಂದ. “ಕಲ್ಲು ಕಟ್ಟಿರೆ ಕಲ್ಲಿಗೆ ಎಂತ ಲಾಭ ಅಕ್ಕೋರೇ? ಆದಿತ್ಯವಾರ ಕೋಳಿ ಅಂಕ ಅದೆ. ಅದ್ಕೂ ತಾಲೀಮು ಆಗ್ಲಿ ಅಂತ ಕಟ್ದೆ.”

ಹುಂಜ ಅಂಕದ ಕಾಳಗದಲ್ಲಿ ಸೋತಿತು. ಮರುವಾರ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದ. “ನಿಮ್ಮ ಡ್ರಿಲ್ಲು ಮನ್ಸರಿಗೆ ಅಡ್ಡಿಲ್ಲ ಅಕ್ಕೋರೇ, ಇದಕ್ಕೆ ಹತ್ತೂದಿಲ್ಲ. ಇದ್ನ ಸೂಜಿ ಬದಿಗೆ ಸೇರಿಸ್ಕಳೂಕೆ ಡಾಕ್ಟ್ರಿಗೆ ಹೇಳಿ.”

ದೋಣಿಯವರು

ಕೊನೆಗೆ ಬೇಲೆಕೇರಿಯಿಂದ ಒಂದೇ ದೋಣಿಯ ಎಂಟು ಜನ ಬಂದರು. ಬಲೆ ಎಳೆದು ಎಳೆದು ಎಂಟೂ ಜನರಿಗೆ ಭುಜ ನೋವು. ಡಾಕ್ಟರಿಗೆ ಹಬ್ಬ. ಒಂದೇ ಕೆಲಸ, ಒಂದೇ ಊಟ, ಒಂದೇ ನೋವು. ಇಂಥವರು ಬೆಂಗಳೂರಲ್ಲಿ ಹುಡುಕಿದರೂ ಸಿಗುವುದಿಲ್ಲ ಅಂದರು. ಹಳೆಯದೆಲ್ಲ ಬಿಟ್ಟು ಇವರ ಮೇಲೇ ಪ್ರಬಂಧ ಎಂದು ತೀರ್ಮಾನವಾಯಿತು.

ಚೀಟಿ ಎತ್ತಿಸಿ ನಾಲ್ವರಿಗೆ ಸೂಜಿ, ನಾಲ್ವರಿಗೆ ವ್ಯಾಯಾಮ ಎಂದು ಭಾಗ ಮಾಡಿದರು. ಸೂಜಿಯವರು ಮಂಗಳವಾರ ಡಾಕ್ಟರ ಹತ್ತಿರ, ವ್ಯಾಯಾಮದವರು ಶನಿವಾರ ನನ್ನ ಹತ್ತಿರ. ಅವರ ರೋಗಿಗಳನ್ನು ನಾನು ನೋಡಬಾರದು, ನನ್ನವರನ್ನು ಅವರು ನೋಡಬಾರದು. ಅದು ವಿಜ್ಞಾನವಂತೆ. ಮಂಗಳವಾರ ಡಾಕ್ಟರು ಒಳಗೆ ಬರುವಷ್ಟರಲ್ಲಿ ನಾಲ್ಕು ಜನ ಅಂಗಿ ಬಿಚ್ಚಿ ಬೋರಲು ಮಲಗಿರುತ್ತಿದ್ದರು. ಸೂಜಿ ಕೈಗೆ ಬಂತೆಂದರೆ ಡಾಕ್ಟರಿಗೆ ಬೆನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಕೊನೆಯ ಪರೀಕ್ಷೆಯ ದಿನ ಡಾಕ್ಟರು ಕೋಟು ತೊಟ್ಟೇ ಬಂದರು. ಸಂಜೆಯ ಬಸ್ಸಿಗೆ ಬೆಂಗಳೂರಿನ ಸಮ್ಮೇಳನಕ್ಕೆ ಹೊರಡುವುದಿತ್ತು. ಎಂಟೂ ಜನರನ್ನು ಸಾಲಾಗಿ ನಿಲ್ಲಿಸಿ ಕೈ ಎತ್ತಿಸಿದೆವು. ಎಂಟೂ ಜನರ ಕೈ ಹಂಚಿನ ಮಾಡಿನ ಕಡೆ ನೆಟ್ಟಗೆ ನಿಂತವು. ಎರಡು ಗುಂಪಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಡಾಕ್ಟರ ಮುಖ ಮೊದಲು ಬಾಡಿತು, ಆಮೇಲೆ ಅರಳಿತು.

“ಸಮಸಮ! ಸೂಜಿ ವ್ಯಾಯಾಮಕ್ಕೆ ಏನೂ ಕಡಿಮೆಯಲ್ಲ ಅಂತಾಯಿತು. ಇನ್ನು ಆ ಬೆಂಗಳೂರಿನವನು ಬಾಯಿ ಮುಚ್ಚಬೇಕು.”

ನನಗೂ ನಿಜವಾಗಿ ಖುಷಿಯಾಯಿತು. ಪಾಪ, ಒಳ್ಳೆಯ ಮನುಷ್ಯ.

ಅಷ್ಟರಲ್ಲಿ ಬಾಗಿಲಲ್ಲಿ ಒಂಬತ್ತನೆಯವನೊಬ್ಬ ಕೈ ಎತ್ತಿ ನಿಂತಿದ್ದ. “ನಂದೂ ಬರ್ಕಳಿ.”

“ನೀನ್ಯಾರು?”

“ದೋಣಿ ನಂದು. ಎರಡು ಸಲ ಸೂಜಿ ಹಾಕಸ್ಕಂಡಿದ್ದೆ.”

ಡಾಕ್ಟರು ಗುಂಪಿನ ಹಿರಿಯನ ಮುಖ ನೋಡಿದರು. ಆತ ಗಂಭೀರವಾಗಿ ವಿವರಿಸಿದ: “ಮೀನು ಯಾರ ಕೈಗೆ ಬಿದ್ರೂ ದಂಡೆಗೆ ತಂದು ಪಾಲು ಮಾಡೂದು ನಮ್ಮ ಪದ್ಧತಿ. ಸೂಜಿ ಮಾತ್ರ ನಾಲ್ಕೇ ಜನ ಹೊಡ್ಕಳೂದು ಯಾವ ನ್ಯಾಯ? ಮಂಗಳಾರ ಸರದಿ ಮೇಲೆ ಎಲ್ರೂ ಬಂದೇವು. ಅಕ್ಕೋರ ಡ್ರಿಲ್ಲು ದಂಡೆ ಮೇಲೆ ಎಲ್ರೂ ಕಲ್ತೇವು. ದೋಣಿಗೂ ಒಂದು ಪಾಲು ಇರ್ತದಲ್ಲ, ಅದು ಇವ್ನಿಗೆ ಹೋಯ್ತು.”

ಡಾಕ್ಟರು ದೋಣಿಯ ಮಾಲೀಕನ ಕಡೆ ತಿರುಗಿದರು. “ನಿನಗೂ ಭುಜ ನೋವಿತ್ತಾ?”

“ಇಲ್ಲಾಗಿತ್ತು. ಚುಚ್ಚಿದ ಮೇಲೆ ಚೂರು ಅದೆ.”

ಡಾಕ್ಟರು ಕುತ್ತಿಗೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಸಿದರು. ಬೆಂಗಳೂರೂ ಹೋಯಿತು, ಪ್ರಬಂಧವೂ ಹೋಯಿತು. ನಾನು ಒಳಕೋಣೆಗೆ ಓಡುವುದೋ ಅವರನ್ನು ಸಮಾಧಾನ ಮಾಡುವುದೋ ತಿಳಿಯದೆ ನಿಂತೆ. ಹಿರಿಯನಿಗೆ ಮಾತ್ರ ಏನು ಮಾಡಬೇಕೆಂದು ಗೊತ್ತಿತ್ತು. ಮೆಲ್ಲಗೆ ಬಂದು ಡಾಕ್ಟರ ಬೆನ್ನು ಸವರಿ, ಮಂಚ ತೋರಿಸಿದ.

“ಬೇಜಾರು ಮಾಡಬೇಡಿ ಡಾಕ್ಟ್ರೇ. ನಿಮ್ಮ ಪಾಲು ಹಂಗೇ ಉಳ್ದದೆ. ಕೋಟು ತೆಗ್ದು ಬೋರಲು ಮಲಗಿ.”