ಅಂಗಳದಲ್ಲೇ ಓಡುವ ಜೀಪು

ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಹಾಕಲು ಜೀಪ್ ಸ್ಟಾರ್ಟ್ ಮಾಡುತ್ತಿದ್ದ ಮನುಷ್ಯ ಇಡೀ ಬಣಕಲ್ಲಿನಲ್ಲಿ ಒಬ್ಬರೇ. ಅವರು ನಮ್ಮ ಭಾವ, ಅಕ್ಕನ ಗಂಡ!

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಪಲ್ಪರ್ ರಿಪೇರಿ ಕಲಿತವನು ನಾನು. ಸುತ್ತಲಿನ ಎಸ್ಟೇಟುಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ನಿಂತರೆ ಮೊದಲು ಫೋನ್ ಬರುವುದು ನನಗೇ. ಅಂಥ ನಾನೂ ಭಾವ ಕಟ್ಟಿದ ಕಂಪ್ಯೂಟರಿನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದೆ. ಗುಜರಿಯಿಂದ ತಂದ ಬೋರ್ಡು, ಹಲಸಿನ ಹಲಗೆಯ ಪೆಟ್ಟಿಗೆ, ಹಳೇ ಕಾರಿನ ಫ್ಯಾನು! 'ಈ ಕಂಪ್ಯೂಟರಿಗೆ ನಾವು ಜವಾಬ್ದಾರರಲ್ಲ' ಎಂದು ಸಾಫ್ಟ್‌ವೇರಿನವರು ಪರದೆಯ ಮೇಲೆಯೇ ಬರೆದುಬಿಟ್ಟಿದ್ದರು.

"ಕಂಪನಿಯವ್ರೇ ಹೆದರಿದ್ದಾರೆ, ನೋಡಿದ್ಯಾ ಮಾರಾಯ?" ಎಂದು ಭಾವ ಬೀಗುತ್ತಿದ್ದರು.

ಹೊಸತು ಬಂದ ಕೂಡಲೇ ಹಾಕುತ್ತಿದ್ದರೇ? ಛೇ! ಇಂಥದೇ ಪೆಟ್ಟಿಗೆ ಕಟ್ಟಿಕೊಂಡ ಯಾರೋ ಮೊದಲು ಹಾಕಿ, ಕೆಡಿಸಿಕೊಂಡು, ಇಂಟರ್ನೆಟ್ಟಿನಲ್ಲಿ ಅತ್ತ ಮೇಲೆಯೇ ಇವರ ಕೆಲಸ ಶುರು. ಡಿಸ್ಕನ್ನು ಪೂರ್ತಿ ಇನ್ನೊಂದಕ್ಕೆ ಕಾಪಿ ಮಾಡಬೇಕು. ಆ ಕಾಪಿಯಿಂದ ಕಂಪ್ಯೂಟರ್ ಏಳುತ್ತದೆಯೇ ನೋಡಬೇಕು. ಎದ್ದರೆ ಹೊಸತನ್ನು ಹಾಕುವುದು ಕಾಪಿಯ ಮೇಲೆ. ಅಸಲು ಡಿಸ್ಕು ಅಕ್ಕನ ಅಕ್ಕಿ ಡಬ್ಬಿಯಲ್ಲಿ, ತೇವ ತಾಗದಂತೆ! ನಡುವೆ ಕರೆಂಟ್ ಹೋದರೆ? ಅದಕ್ಕೇ ಜೀಪು. ಅದರ ಬ್ಯಾಟರಿಯಿಂದ ಕಿಟಕಿಯೊಳಗೆ ವೈರು, ಅಂಗಳದಲ್ಲಿ ಇಂಜಿನ್ ಗಡಗಡ.

"ಎಲ್ಲಿಗೆ ಹೊರಟ್ರಿ?" ಎಂದು ದಾರಿಹೋಕರು ಕೇಳಿದರೆ, "ನಾನೆಲ್ಲಿಗೂ ಇಲ್ಲ, ಕಂಪ್ಯೂಟರ್ ಹೊರಟಿದೆ!"

"ಒಣಹಾಕಿದ ಬಟ್ಟೆಯೆಲ್ಲ ಡೀಸೆಲ್ ನಾರ್ತಿದೆ, ನಿಲ್ಸೀಂದ್ರೆ!" ಎಂದು ಒಳಗಿನಿಂದ ಅಕ್ಕ.

ಭಾವನ ಕಣ್ಣಿಗೆ ಪೊರೆ ಬಂದಾಗಲೂ ಅದೇ ಕಥೆ. "ಕೆಟ್ರೆ ಹಳೇದಕ್ಕೆ ವಾಪಸ್ ಹೋಗ್ಬಹುದಾ ಡಾಕ್ಟ್ರೇ?" ಎಂದು ಕೇಳಿದರು. ಡಾಕ್ಟರು ಕಕ್ಕಾಬಿಕ್ಕಿ! ನಾನೇ ಬಾಯಿ ಹಾಕಿದೆ: "ಇನ್ನೊಂದು ಕಣ್ಣು ಕಾಪಿ ಅಂತ ಇದೆಯಲ್ಲ ಭಾವ!" ತಕ್ಷಣ ಆಪರೇಷನ್ನಿಗೆ ಒಪ್ಪಿದರು.

ಮರುವರ್ಷ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ, ಎದೆಯ ಆಪರೇಷನ್ ಬೇಗ ಆಗಬೇಕೆಂದರು. ಭಾವ ಅದೇ ಪ್ರಶ್ನೆ ಕೇಳಿದರು. ಈ ಡಾಕ್ಟರು ನಕ್ಕರು. ಭಾವ ನಗಲಿಲ್ಲ.

"ಇದು ಇರೋದು ಒಂದೇ ಅಲ್ವಾ ಮಾರಾಯ," ಎಂದರು ಬಸ್ಸಿನಲ್ಲಿ. "ಸ್ವಲ್ಪ ಕಾಯೋಣ. ಬೇರೆಯವ್ರಿಗೆ ಹೇಗಾಗತ್ತೆ ನೋಡೋಣ."

ಕಣ್ಣಿನ ಸಲ ಹೊಳೆದಂಥ ಒಂದು ಮಾತು ನನಗೆ ಈ ಸಲವೂ ಹೊಳೆಯಬಾರದಿತ್ತೇ? ಬಣಕಲ್ ಬರುವ ತನಕ ಯೋಚಿಸಿದೆ. ಹೊಳೆಯಲಿಲ್ಲ. ಆ ವರ್ಷದ ಕಾಫಿ ಕೊಯ್ಲು ಮುಗಿಯುವ ಮೊದಲೇ ಭಾವ ಹೋದರು.

ಅಕ್ಕ ಈಗಲೂ ಆ ಪೆಟ್ಟಿಗೆಯನ್ನು ಒರೆಸಿ, ಆನ್ ಮಾಡಿ ಇಡುತ್ತಾಳೆ. ಮೊನ್ನೆ ಹೋದಾಗ ಪರದೆಯ ಮೇಲೆ, ಹೊಸತು ಬಂದಿದೆ, ಹಾಕಲೇ ಎಂಬ ಪ್ರಶ್ನೆ.

"ಎಂಥದೋ ಕೇಳ್ತಾ ಇದೆ ನೋಡು," ಎಂದಳು. "ಜೀಪ್ ಸ್ಟಾರ್ಟ್ ಮಾಡು."

ಮಾಡಿದೆ. ಅಂಗಳ ಗಡಗಡ ಎಂದಿತು. "ಕಾಪಿ ತೆಗೆದು ಹಾಕ್ಲಾ ಅಕ್ಕ?"

"ಹಾಕೋದು ಎಂಥದೂ ಬೇಡ. ಜೀಪ್ ಓಡ್ತಾ ಇರ್ಲಿ."

ಒಗೆದ ಬಟ್ಟೆಯ ಬಕೆಟ್ ಹಿಡಿದು ಅವಳು ಅಂಗಳಕ್ಕಿಳಿದಳು. ಹೊಗೆ ಬರುವ ಕಡೆಗೇ ಒಂದೊಂದಾಗಿ ಒಣಹಾಕತೊಡಗಿದಳು.