ಬೆಳ್ಳಿ ಗೌಡರ ತೋಟದ ಸುಳಿಗಾಳಿ

ಎಲ್ಲ ಶುರುವಾಗಿದ್ದು ಮಾದಯ್ಯನ ಬಾಯಿಂದಲೇ. ನೀಲಗಿರಿಯ ಎಮರಾಲ್ಡ್ ಊರಿನ ಮೇಲಿನ ಹಟ್ಟಿಗೆ ಬಂದ ದಿನ, ಬೆಳ್ಳಿ ಗೌಡರ ಟೀ ತೋಟದ ತುದಿಯಲ್ಲಿ ಗಾಳಿ ಅಳೆಯುವ ಕಂಬ ನೆಟ್ಟು, ಸುತ್ತ ನಿಂತವರಿಗೆಲ್ಲ ಕೈಮುಗಿದು, "ಬಲು ನಾಜೂಕಿನ ಸಾಮಾನು, ನಿಮ್ಮನೆ ಮಗು ಅಂತ ನೋಡ್ಕೊಳ್ಳಿ" ಅಂದುಬಿಟ್ಟಿದ್ದ. ಸುಮ್ಮನೆ ಬಾಯಿ ಮುಚ್ಚಿಕೊಂಡಿದ್ದರೆ ಅವನ ಗಂಟೇನು ಹೋಗುತ್ತಿತ್ತು, ಹೇಳಿ!

ಕೆಲಸ ಇಷ್ಟೇ. ಗಾಳಿ ಗುಡ್ಡ ಹತ್ತಿ ಈಚೆ ಇಳಿಯುವಾಗ ಎಲ್ಲಿ ಪಲ್ಟಿ ಹೊಡೆಯುತ್ತೆ, ಎಲ್ಲಿ ಸುಳಿ ಸುತ್ತುತ್ತೆ ಅಂತ ಮೂವತ್ತು ದಿನ ಎಡೆಬಿಡದೆ ಅಳೆಯಬೇಕು. ಎರಡಾಳೆತ್ತರದ ಕಂಬದ ತುದಿಯಲ್ಲಿ ಗಿರಗಿರ ತಿರುಗುವ ಮೂರು ಬಟ್ಟಲು, ದಿಕ್ಕು ತೋರಿಸುವ ಒಂದು ಬಾಲ. ಹತ್ತು ನಿಮಿಷಕ್ಕೊಮ್ಮೆ ಅದರ ವರದಿ ತಾನಾಗಿ ಮೈಸೂರಿನಲ್ಲಿ ಕೂತ ಮುರಳೀಧರನ್ ಸಾಹೇಬರ ಕಂಪ್ಯೂಟರಿಗೆ ಹೋಗುತ್ತದೆ. ಮಧ್ಯೆ ಕೆಟ್ಟರೆ ಮತ್ತೆ ಮೊದಲಿಂದ ಮೂವತ್ತು ದಿನ.

ಇವತ್ತು ಮೂವತ್ತನೇ ದಿನ. ಸಂಜೆ ಆರಕ್ಕೆ ಕಂಬ ಕಿತ್ತರೆ, ನಾಳೆ ಮೊದಲ ಬಸ್ಸಿಗೆ ಗುಂಡ್ಲುಪೇಟೆ. ಮಧ್ಯಾಹ್ನ ಮಗಳ ನಾಮಕರಣ. ಇವನಿಂದಾಗಿ ಎರಡು ಸಲ ಮುಂದೆ ಹೋಗಿದ್ದ ನಾಮಕರಣ ಅದು. "ಈ ಸಲಾನೂ ಬರ್ಲಿಲ್ಲ ಅಂದ್ರೆ ಆ ಕಂಬಕ್ಕೇ ಹೆಸರಿಟ್ಕೊಂಡು ಅಲ್ಲೇ ಇದ್ಬಿಡಿ" ಅಂದಿದ್ದಳು ಹೆಂಡತಿ ಸುನೀತಾ.

ಬೆಳಿಗ್ಗೆ ಏಳಕ್ಕೆ ಸಾಹೇಬರ ಫೋನು. "ಏನ್ರೀ ಮಾದಯ್ಯ, ಅಲ್ಲಿ ಗಾಳಿ ಸತ್ತೋಯ್ತಾ? ಬರೀ ಸೊನ್ನೆ ಬರ್ತಿದೆ!"

ಬಾಡಿಗೆ ಮನೆಯಿಂದ ಹೊರಗೆ ನೋಡಿದರೆ ತಗಡಿನ ಸೂರು ಹಾರುವಷ್ಟು ಗಾಳಿ. ಮಾದಯ್ಯ ಲುಂಗಿ ಹಿಡಿದುಕೊಂಡು ತೋಟಕ್ಕೆ ಓಡಿದ. ಕಂಬದ ತಲೆಗೆ ಮಂಕಿ ಕ್ಯಾಪ್! ಅದರ ಮೇಲೊಂದು ಶಾಲು, ಶಾಲಿನ ಮೇಲೆ ಹಗ್ಗ. ಪಕ್ಕದ ಮನೆ ಮಲರ್‌ಕೊಡಿ ಏಣಿಯಿಂದ ಇಳಿಯುತ್ತಿದ್ದಳು.

"ಏನಕ್ಕಾ ಇದು ಕರ್ಮ!"

"ಕಿರುಚಬೇಡ ತಂಬಿ. ರಾತ್ರಿಯೆಲ್ಲ ಎಂಥಾ ಗಾಳಿ ಗೊತ್ತಾ? ಪಾಪ, ತಿರುಗಿ ತಿರುಗಿ ಸುಸ್ತಾಗಿತ್ತು. ನಮ್ಮನೆಯೋರ ಟೋಪೀನೇ ತಂದು ಹಾಕಿದೆ. ಮಗು ಅಂತ ನೋಡ್ಕೋ ಅಂದೋನು ನೀನೇ ಅಲ್ವಾ?"

ಏನಂತ ಬೈಯೋದು? ಮಾದಯ್ಯ ಟೋಪಿ ಬಿಚ್ಚಿ ಕೈಗೆ ಕೊಟ್ಟು, ಹಲ್ಲು ಕಚ್ಚಿಕೊಂಡು ಮನೆಗೆ ಬಂದ. ಹತ್ತು ಗಂಟೆಗೆ ಮತ್ತೆ ಫೋನು, ಮತ್ತೆ ಸೊನ್ನೆ, ಮತ್ತೆ ಓಟ. ಈ ಸಲ ಕಂಬದ ಸುತ್ತ ಉದ್ದುದ್ದ ಬಿದಿರು ನೆಟ್ಟು, ಸಸಿಗಳಿಗೆ ಕಟ್ಟುವ ಹಸಿರು ಬಲೆಯನ್ನು ನಾಲ್ಕು ಪದರ ಸುತ್ತಿದ್ದರು. ಪಕ್ಕದಲ್ಲಿ ಬೆಳ್ಳಿ ಗೌಡರು ಕೋಲೂರಿಕೊಂಡು ಮೇಸ್ತ್ರಿಕೆ ನಡೆಸಿದ್ದರು.

"ಟೋಪಿ ಬೇಡ ಅಂದೆಯಂತೆ ತಮ್ಮಾ. ಒಳ್ಳೇದೇ ಆಯ್ತು, ಉಸಿರು ಕಟ್ಟುತ್ತೆ. ಅದಕ್ಕೇ ಮರೆ ಕಟ್ಟಿಸಿದೆ. ಈ ಗುಡ್ಡದ ಗಾಳೀಲಿ ಎಷ್ಟು ಸಸಿ ಉಳಿಸಿದೋನು ನಾನು!"

ಮಾದಯ್ಯನ ತಾಳ್ಮೆ ಹರಿಯಿತು. "ಅಯ್ಯೋ ಗೌಡರೇ, ಇದು ಸಸಿ ಅಲ್ಲ! ಗಾಳಿ ಅಳೆಯೋಕೇ ಇಟ್ಟಿರೋದು! ಇದಕ್ಕೆ ಗಾಳಿ ಬೇಕು, ಗಾಳಿ! ಎಷ್ಟು ಬಂದ್ರೆ ಅಷ್ಟು ಒಳ್ಳೇದು! ಇಲ್ದಿದ್ರೆ ನಾಳೆ ನಾನು ಮಗಳ ಮುಖ ನೋಡಂಗಿಲ್ಲ!"

ಎಲ್ಲರೂ ಮುಖ ಮುಖ ನೋಡಿಕೊಂಡರು. "ಮೊದಲೇ ಹೇಳಬಾರದಾ?" ಅಂದರು ಗೌಡರು ನೊಂದುಕೊಂಡು. ಬಲೆ ಬಿಚ್ಚಿಸಿದರು. ಮಾದಯ್ಯನಿಗೆ ಹೋದ ಜೀವ ಬಂದಂತಾಯಿತು.

ಎರಡು ಗಂಟೆಗೆ ಗಾಳಿ ನಿಜವಾಗಿಯೂ ನಿಂತಿತು. ನಿಲ್ಲಲಿ, ನಿಂತದ್ದೂ ಅಳತೆಯೇ ಅಂದುಕೊಂಡು ಅವನು ಚೀಲಕ್ಕೆ ಬಟ್ಟೆ ತುಂಬುತ್ತಿದ್ದ. ಅರ್ಧ ಗಂಟೆಯಾದರೂ ತೋಟದ ಕಡೆಯ ಮೋಟಾರಿನ ಆರ್ಭಟ ನಿಲ್ಲದಿದ್ದಾಗ ಅತ್ತ ಓಡಿದ.

ಏಣಿಯ ಮೇಲೆ ಕೆಳಗಿನ ಮನೆಯ ಕಣ್ಣನ್. ಬೆನ್ನಿಗೆ ಟೀ ಗಿಡಕ್ಕೆ ಔಷಧಿ ಹೊಡೆಯುವ ಪೆಟ್ರೋಲ್ ಸ್ಪ್ರೇಯರ್. ಔಷಧಿ ಇಲ್ಲ, ಬರೀ ಗಾಳಿ. ಕೊಳವೆ ನೇರ ಬಟ್ಟಲುಗಳ ಮೇಲೆ! ಅವು ಕಣ್ಣಿಗೇ ಕಾಣದಷ್ಟು ವೇಗದಲ್ಲಿ ತಿರುಗುತ್ತಿದ್ದವು. ಹಟ್ಟಿಗೆ ಹಟ್ಟಿಯೇ ಸೇರಿ ನೋಡುತ್ತಿತ್ತು.

"ನಿಲ್ಸಣ್ಣಾ ಮಾರಾಯ!" ಮಾದಯ್ಯ ತಲೆ ಚಚ್ಚಿಕೊಂಡ.

"ಗಾಳಿ ನಿಂತೋಯ್ತಲ್ಲ ತಂಬಿ," ಅಂದಳು ಮಲರ್‌ಕೊಡಿ, "ನೀನು ಮಗಳನ್ನ ನೋಡೋಕೆ ಹೋಗಬೇಕು ಪಾಪ. ಅರ್ಧ ಗಂಟೆಯಿಂದ ಬಿಡ್ತಾ ಇದೀವಿ. ಒಂದೇ ಕಡೆಯಿಂದ ಸಾಕಾಗಲ್ಲ ಅಂತ ಏಣಿ ನಾಲ್ಕೂ ಕಡೆ ತಿರುಗಿಸಿದೀವಿ."

ಮಾದಯ್ಯ ಟೀ ಗಿಡದ ಬುಡದಲ್ಲೇ ಕುಸಿದು ಕೂತ. ಇಷ್ಟು ಒಳ್ಳೆಯವರ ಮಧ್ಯೆ ಮನುಷ್ಯ ಬದುಕುವುದಾದರೂ ಹೇಗೆ?

ಐದೂವರೆಗೆ ಸಾಹೇಬರ ಫೋನು ಬಂತು.

"ಮಾದಯ್ಯಾ! ಒಂದು ವರದೀಲಿ ಸೊನ್ನೆ, ಮುಂದಿನದ್ರಲ್ಲಿ ಬಿರುಗಾಳಿ, ಅದೂ ನಾಲ್ಕೂ ದಿಕ್ಕಿಂದ! ಇಂಥ ಸುಳಿಗಾಳಿ ನನ್ನ ಸರ್ವೀಸಲ್ಲೇ ನೋಡಿಲ್ಲ ಕಣ್ರೀ!"

ಹೂಂ ಅಂದು ಸುಮ್ಮನಿರಬಹುದಿತ್ತು. ಆದರೆ ಮಾದಯ್ಯ ಸತ್ಯವಂತ, ಅದೇ ಅವನ ದೊಡ್ಡ ರೋಗ. ಟೋಪಿ, ಬಲೆ, ಕಣ್ಣನ್, ಸ್ಪ್ರೇಯರ್, ಒಂದೂ ಬಿಡದೆ ಒದರಿದ. "ಇವತ್ತಿನದ್ದು ಬಿಟ್ಟು ಉಳಿದದ್ದೆಲ್ಲ ಸರಿಯಾಗಿದೆ ಸಾರ್. ದಮ್ಮಯ್ಯ, ನಾನು ನಾಳೆ ಊರಿಗೆ ಹೋಗಲಾ?"

ಸಾಹೇಬರು ತಗ್ಗಿದ ದನಿಯಲ್ಲಿ, "ದೆಹಲಿಗೆ ಹೇಳಿಬಿಟ್ಟೆ ಕಣ್ರೀ," ಅಂದರು. "ನಾಲ್ಕು ಜನ ದೊಡ್ಡ ವಿಜ್ಞಾನಿಗಳು ವಿಮಾನ ಹತ್ತಿಯಾಯ್ತು. ನಾಳೆ ಹನ್ನೊಂದಕ್ಕೆ ಕಂಬದ ಹತ್ರ ಇರ್ತಾರೆ. ನೀವು ಎಲ್ಲೂ ಹೋಗಂಗಿಲ್ಲ."

"ಬಂದು ಏನು ನೋಡ್ತಾರೆ ಸಾರ್?"

"ಅದೇ ಕೇಳೋಣ ಅಂತಿದ್ದೆ," ಅಂದರು ಸಾಹೇಬರು. "ಆ ಸ್ಪ್ರೇಯರ್‌ನ ಗಿಡದ ಮರೇಲಿ, ಸದ್ದಾಗದ ಹಾಗೆ ಇಡೋಕಾಗುತ್ತಾ?"

ಹತ್ತು ನಿಮಿಷದ ಮೇಲೆ ಮಾದಯ್ಯ ಕಣ್ಣನ್ ಮನೆ ಬಾಗಿಲಲ್ಲಿ ಕೈಮುಗಿದುಕೊಂಡು ನಿಂತಿದ್ದ.

"ಕಣ್ಣಣ್ಣಾ, ನಾಳೆ ಹನ್ನೊಂದು ಗಂಟೆಗೆ ಸ್ವಲ್ಪ ಗಾಳಿ ಬೇಕಾಗಿತ್ತು."