ಲಗ್ನಪತ್ರಿಕೆಯ ಬಿ.ಎ.

ನಟರಾಜುವಿನ ಗ್ರಹಚಾರ ಕೆಟ್ಟಿದ್ದು ಪೇಪರಿನಿಂದ. ಕೆ.ಆರ್. ನಗರದ ಟೀ ಅಂಗಡಿಯಲ್ಲಿ ಪಕ್ಕದ ಮನೆಯ ಚನ್ನಬಸವಣ್ಣ ಊರಿಗೆಲ್ಲ ಕೇಳುವಂತೆ ಓದಿದ:

"ಎಲ್ಲಾ ಯೂನಿವರ್ಸಿಟೀನೂ ಸೇರ್ಸಿ ಒಂದೇ ಮಾಡ್ತಾರಂತೆ ಕಣ್ರಪ್ಪ. ಹಳೇ ಸಿಲಬಸ್ಸಲ್ಲಿ ಫೇಲಾದೋರಿಗೆ ಇದೇ ಕೊನೇ ಪರೀಕ್ಷೆ. ಫಾರಂ ಕಟ್ಟಕ್ಕೆ ಇವತ್ತು ಐದು ಗಂಟೆಗೆ ಲಾಸ್ಟು!"

ನಟರಾಜು ಟೀ ಲೋಟ ಕುಕ್ಕಿ ಎದ್ದ. ಆರು ವರ್ಷದಿಂದ ಅವನಿಗೆ ಬಿ.ಎ.ದ ಇಂಗ್ಲಿಷ್ ಪೇಪರೊಂದು ಪಾಸಾಗದೆ ಉಳಿದಿತ್ತು. ಇನ್ನು ಹನ್ನೆರಡು ದಿನಕ್ಕೆ ಮದುವೆ. 'ಚಿ. ನಟರಾಜು, ಬಿ.ಎ.', ಪಕ್ಕದಲ್ಲೇ 'ಚಿ.ಸೌ. ಬೃಂದಾ, ಬಿ.ಎ.' ಅಂತ ಅಚ್ಚಾದ ಪತ್ರಿಕೆ ಆಗಲೇ ನಾನೂರು ಮನೆ ಸೇರಿತ್ತು. ಪಿರಿಯಾಪಟ್ಟಣದ ಮಾವ ನೀಲಕಂಠಸ್ವಾಮಿಯಂತೂ ಡಿಗ್ರಿ ಇಲ್ಲದವನಿಗೆ ಹೆಣ್ಣು ಕೊಡೋದಿಲ್ಲ ಅಂತ ಹಟ ಹಿಡಿದಿದ್ದ ಮನುಷ್ಯ. ಮದುವೆ ಒಂದು ಆಗಿಬಿಡಲಿ, ಆಮೇಲೆ ಹೆಂಗೋ ಪಾಸಾದರಾಯಿತು ಅಂತ ಇವನ ಎಣಿಕೆ.

ಅಟ್ಟ ಹತ್ತಿ ಹಳೇ ಮಾರ್ಕ್ಸ್‌ಕಾರ್ಡ್ ಹುಡುಕಿ, ಫಾರಂ ಕಟ್ಟಲು ಮೈಸೂರಿಗೆ ಹೊರಡೋ ಹೊತ್ತಿಗೆ ಎರಡು ಗಂಟೆ.

"ಮೈಸೂರಿಗೇನ್ಲಾ? ನಡಿ, ನಾನೂ ಬತ್ತೀನಿ, ಪತ್ರಿಕೆ ಹಂಚ್ದಂಗೂ ಆಯ್ತು," ಅಂತ ಚನ್ನಬಸವಣ್ಣ ಗಂಟುಬಿದ್ದ. ಬಸ್ಸಿನಲ್ಲಿ ಕಂಡಕ್ಟರಿಗೂ ಒಂದು ಪತ್ರಿಕೆ ಕೊಟ್ಟು, "ನಮ್ಮುಡುಗ ಬಿ.ಎ. ಕಣ್ರೀ!" ಅಂದ. ಅಯ್ಯೋ, ಈ ಮನುಷ್ಯನ ಬಾಯಿಗೆ ಬೀಗ ಹಾಕೋರು ಯಾರೂ ಇಲ್ಲವೇ! ಅಷ್ಟು ಸಾಲದು ಅಂತ ಇಲವಾಲದ ಹತ್ತಿರ ಬಸ್ಸು ಪಂಚರಾಯಿತು.

ಮೈಸೂರಲ್ಲಿ ಚನ್ನಬಸವಣ್ಣನನ್ನು ಸೀರೆ ಅಂಗಡಿಯೊಳಕ್ಕೆ ದಬ್ಬಿ, ನಟರಾಜು ಪರೀಕ್ಷಾ ಕಚೇರಿಗೆ ಓಡಿ ಕ್ಯೂ ಹಿಡಿದ. ಕ್ಯೂ ಆಮೆಯಂತೆ ತೆವಳಿತು. ಇವನ ಸರದಿ ಬಂದಾಗ ಐದಕ್ಕೆ ಎರಡೇ ನಿಮಿಷ.

"ಇನ್ನೊಂದೇ ಫಾರಂ, ಆಮೇಲೆ ಕಿಟಕಿ ಮುಚ್ತೀನಿ," ಅಂದ ಗುಮಾಸ್ತ.

ಹಿಂದಿನಿಂದ ಅಳು ಕೇಳಿಸಿತು. ಮುಖ ಮುಚ್ಚುವಂತೆ ವೇಲು ಸುತ್ತಿಕೊಂಡು, ಕೈಲಿದ್ದ ಫಾರಂನಿಂದ ತಲೆ ಎತ್ತದ ಹುಡುಗಿ. "ಅಣ್ಣಾ, ನನ್ನ ಮೊದ್ಲು ಬುಡಿ. ಇಲ್ದಿದ್ರೆ ಮದ್ವೆ ನಿಂತೋಯ್ತದೆ."

ಮದುವೆಯ ಸಂಕಟ ಏನು ಅಂತ ನಟರಾಜುವಿಗೆ ಬೇರೆ ಹೇಳಬೇಕೇ? ಜಾಗ ಬಿಟ್ಟ; ಸಹಿ ಹಾಕಲು ತನ್ನ ಪೆನ್ನನ್ನೂ ಕೊಟ್ಟ. ಠಪ್ಪನೆ ಸೀಲು ಬಿತ್ತು, ದಡಾರನೆ ಕಿಟಕಿ ಮುಚ್ಚಿತು.

ಥ್ಯಾಂಕ್ಸ್ ಹೇಳಲು ಹುಡುಗಿ ವೇಲು ಸರಿಸಿ ತಿರುಗಿದಳು. ಬೃಂದಾ!

ನಟರಾಜುವಿಗೆ ಹೋದ ಜೀವ ಬಂದಂತಾಯಿತು. "ನಿಮ್ದೂ ಉಳ್ಕೊಂಡದಾ? ಒಳ್ಳೇದಾಯ್ತು ಬುಡಿ! ನಂದೂ ಇಂಗ್ಲಿಷು."

ಬೃಂದಾಳ ಮುಖ ಬಿಗಿಯಿತು. "ಅಂದ್ರೆ ನೀವು ಬಿ.ಎ. ಅಲ್ವಾ?"

"ನೀವೂ ಅಲ್ವಲ್ರೀ?"

"ನಾನು ಆಯ್ತೀನಿ. ರಶೀದಿ ಅದೆ. ನಿಮ್ದೆಲ್ಲಿ?"

ನಟರಾಜು ಮುಚ್ಚಿದ ಕಿಟಕಿ ನೋಡಿದ.

ಅವನ ಜೇಬಿನಿಂದ ಇಣುಕುತ್ತಿದ್ದ ಪತ್ರಿಕೆಯನ್ನು ಬೃಂದಾ ಎಳೆದುಕೊಂಡು, ಅವನ ಹೆಸರಿನ ಮುಂದಿದ್ದ ಬಿ.ಎ. ಮೇಲೆ ಗೀಟು ಹಾಕಿ ಕೈಗಿಟ್ಟಳು.

"ನಮ್ಮಪ್ಪಂಗೆ ನೀವೇ ಹೇಳ್ತೀರೋ, ನಾನೇ ಹೇಳ್ಲೋ?"

ಗೀಟು ಹಾಕಿದ ಪೆನ್ನೂ ಅವನದೇ.